ಹೆಡಿಗೆ ನೋವಿನ ದಾವೆ

ಆಷಾಢದ ಒಂದು ಮಧ್ಯಾಹ್ನ ನನ್ನ ಆಫೀಸಿನ ಮೆಟ್ಟಿಲ ಮೇಲೆ ಒಣಮೀನಿನ ಹೆಡಿಗೆ ಇಳಿಸಿ ನಿಂತ ಹೆಂಗಸು, ಒಳಗೆ ಬಾ ಎಂದರೂ ಬರಲಿಲ್ಲ. ಮೀನಿನ ವಾಸನೆ ಕಾಗದಪತ್ರಕ್ಕೆ ಹತ್ತುತ್ತದೆ, ಇಲ್ಲಿಂದಲೇ ಹೇಳುತ್ತೇನೆ ಎಂದಳು. ಸೂರಿನ ನೀರು ಅವಳ ಬೆನ್ನ ಮೇಲೆ ಸುರಿಯುತ್ತಿತ್ತು. ಎರಡು ಸಲ ಕರೆದೆ, ಮೂರನೆಯ ಸಲ ಗದರಿದೆ. ಆಗ ಬಂದು ಬಾಗಿಲ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ನನ್ನ ಸ್ವಭಾವವೇ ಹಾಗೆ, ಒಳ್ಳೆಯ ಮಾತನ್ನೂ ಗದರಿಯೇ ಹೇಳುವುದು.

ಅರವತ್ತರ ದಶಕದ ನಡುಭಾಗದ ಮಾತು ಇದು. ನಾನು ಕುಂದಾಪುರದ ಮುನ್ಸೀಫ್ ಕೋರ್ಟಿನಲ್ಲಿ ವಕೀಲ. ಬಂದವಳು ಗಂಗೊಳ್ಳಿ ಕಡೆಯವಳು. ದಿನಾ ಬೆಳಗ್ಗೆ ಕಡವಿನ ದೋಣಿಯಲ್ಲಿ ನದಿ ದಾಟಿ ಬಂದು, ಕುಂದಾಪುರದ ಬೀದಿಗಳಲ್ಲಿ ಮೀನು ಮಾರಿ, ಮಧ್ಯಾಹ್ನದ ದೋಣಿಗೆ ವಾಪಸಾಗುವವಳು. ಅವಳು ಮಾತಾಡಲು ಬಂದದ್ದು ತನ್ನ ವಿಷಯವಲ್ಲ, ತಂಗಿಯ ವಿಷಯ. ಆ ತಂಗಿಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿ ನಾಲ್ಕು ತಿಂಗಳಾಗಿತ್ತು.

ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟಳು. ಪೇಟೆಯ ಹೆಸರಾದ ಡಾಕ್ಟರೊಬ್ಬರ ಔಷಧಿ ಚೀಟಿ. ಎದುರಿಗೆ ಡಾಕ್ಟರ ಕೈಯಲ್ಲಿ ಎರಡು ಸಾಲು, ಹಿಂದೆ ಕಂಪೌಂಡರನ ಪೆನ್ಸಿಲಿನಲ್ಲಿ ತಾರೀಕುಗಳು, ಒಂದರ ಕೆಳಗೆ ಒಂದು. ಎಣಿಸಿದೆ. ಹದಿನೇಳು ಇದ್ದವು.

ಕತೆಯನ್ನು ಅವಳ ಬಾಯಿಂದ ಎಳೆದು ಹೊರತೆಗೆಯುವುದಕ್ಕೆ ಒಂದು ಗಂಟೆ ಹಿಡಿಯಿತು. ತಂಗಿ ಮಾರುತ್ತಿದ್ದುದು ನದಿಯ ಆಚೆ ದಡದಲ್ಲೇ, ತ್ರಾಸಿ, ಮರವಂತೆ, ನಾವುಂದದ ವರೆಗೂ, ತಲೆಯ ಮೇಲೆ ಹೆಡಿಗೆ ಹೊತ್ತು ನಡೆದು. ಹಿಂದಿನ ವರ್ಷ ಮಳೆ ಹಿಡಿದ ಹೊತ್ತಿಗೆ ಬೆನ್ನು ನೋಯತೊಡಗಿತು. ಮೀನು ಮಾರುವ ಹೆಂಗಸರಿಗೆ ಬೆನ್ನು ನೋವೆಂದರೆ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೊಂದು ಹೆಸರೇ ಇದೆ, ಹೆಡಿಗೆ ನೋವು. ತಾಯಿಗೆ ಇತ್ತು, ಅತ್ತೆಗೆ ಇತ್ತು, ಬಂದೇ ಬರುತ್ತದೆ. ಎಣ್ಣೆ ತಿಕ್ಕಿದರು, ಉಪ್ಪಿನ ಗಂಟು ಬಿಸಿಮಾಡಿ ಕಾಯಿಸಿದರು. ಕಡಿಮೆಯಾಗಲಿಲ್ಲ. ಒಂದು ದಿನದ ಮಾರಾಟ ಬಿಟ್ಟು ತಂಗಿ ನದಿ ದಾಟಿ ಬಂದು ಡಾಕ್ಟರನ್ನು ಕಂಡಳು. ಅವರೂ ಬೆನ್ನು ಒತ್ತಿ ನೋಡಿ, ಹೆಡಿಗೆ ನೋವು ಮಾರಾಯ್ತಿ, ಹೊರುವುದು ಸ್ವಲ್ಪ ಕಡಿಮೆ ಮಾಡು ಎಂದು, ಕುಡಿಯಲು ಒಂದು ಮಿಕ್ಸ್ಚರು, ತಿಕ್ಕಲು ಒಂದು ಎಣ್ಣೆ ಬರೆದುಕೊಟ್ಟರು.

ಆಮೇಲೆ ತಂಗಿ ಬರಲಿಲ್ಲ. ಬಾಟ್ಲಿ ಬಂತು. ಆಗಿನ ಪದ್ಧತಿ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಔಷಧಿಗೆ ನಮ್ಮದೇ ಬಾಟ್ಲಿ ಒಯ್ಯಬೇಕು. ಕಂಪೌಂಡರ್ ದೊಡ್ಡ ಜಾಡಿಯಿಂದ ಅದಕ್ಕೆ ತುಂಬಿ, ಎಷ್ಟು ಹೊತ್ತಿಗೆ ಎಷ್ಟು ಎಂದು ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಪಕ್ಕಕ್ಕೆ ಅಂಟಿಸಿ ಕೊಡುತ್ತಿದ್ದ. ಮುಗಿದರೆ ಯಾರಾದರೂ ಪೇಟೆಗೆ ಹೋಗುವವರ ಕೈಯಲ್ಲಿ ಚೀಟಿ ಮತ್ತು ಬಾಟ್ಲಿ ಕಳಿಸಿದರೆ ಆಯಿತು. ನದಿಯಾಚೆಯವರಂತೂ ಎಲ್ಲರೂ ಹೀಗೆಯೇ. ಇಡೀ ದಿನ ಕಳೆದುಕೊಂಡು ಅದೇ ಮಿಕ್ಸ್ಚರಿಗೆ ಮನುಷ್ಯರೇ ಏಕೆ ಬರಬೇಕು? ತಂಗಿಯ ಬಾಟ್ಲಿಯನ್ನು ಏಳು ತಿಂಗಳು ತನ್ನ ಹೆಡಿಗೆಯ ಮೂಲೆಯಲ್ಲಿಟ್ಟು ತಂದು ಒಯ್ದವಳು, ಈಗ ನನ್ನೆದುರು ಕೂತ ಈ ಅಕ್ಕ. ಕಂಪೌಂಡರ್ ಹಳೆಯದೇ ಔಷಧಿಯಾ ಎಂದು ಕೇಳುತ್ತಿದ್ದ, ಇವಳು ಹೌದು ಎನ್ನುತ್ತಿದ್ದಳು. ಡಾಕ್ಟರು ಪರದೆಯ ಒಳಗಿನಿಂದ ತಲೆ ಎತ್ತುತ್ತಿರಲಿಲ್ಲ.

ಶಿವರಾತ್ರಿ ಕಳೆದ ಕೆಲವೇ ದಿನಕ್ಕೆ, ತ್ರಾಸಿಯಲ್ಲಿ ಒಂದು ಮನೆಯ ಅಂಗಳದಲ್ಲಿ ಹೆಡಿಗೆ ಇಳಿಸಲು ಹೋದ ತಂಗಿ ಇಳಿಸಲಾಗದೆ ಕುಸಿದು ಬಿದ್ದಳು. ಎದ್ದು ನಿಲ್ಲಲಾಗಲಿಲ್ಲ. ಮಂಗಳೂರಿನ ದೊಡ್ಡಾಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಿದಾಗ ಬೆನ್ನೆಲುಬಿನ ಕ್ಷಯ ಎಂದರು. ಒಂದು ಮೂಳೆ ತಿಂದುಹೋಗಿ ಅದರ ಮೇಲಿನದು ಕುಸಿದಿತ್ತು. ಎರಡು ತಿಂಗಳು ಸಿಮೆಂಟಿನ ಕಟ್ಟು ಕಟ್ಟಿ ಮಲಗಿಸಿ, ದಿನಾ ಇಂಜೆಕ್ಷನ್ ಕೊಟ್ಟು, ಕಾಲು ಬರುವ ಲಕ್ಷಣವಿಲ್ಲ ಎಂದು ಮನೆಗೆ ಕಳಿಸಿದ್ದರು.

ಇಷ್ಟಾದ ಮೇಲೆ ನಾನು ಪರಿಹಾರ ಎಷ್ಟು ಕೇಳಬೇಕೆಂದಿದ್ದೀರಿ ಎಂದು ಕೇಳಿದೆ. ವಕೀಲನ ಮೊದಲ ಪ್ರಶ್ನೆ ಅದೇ ತಾನೆ. ಅವಳು ತಲೆಯಾಡಿಸಿದಳು.

"ಅವ್ಳಿಗ್ ದುಡ್ಡಿನ್ ಆಸಿ ಇಲ್ಲ ವಕೀಲ್ರೆ. ಬೈಸಾರಿಗ್ ಜ್ವರ ಬತ್ತ್, ಮೈಯೆಲ್ಲ ಬೆವರತ್ತ್ ಅಂದ್ ಡಾಕ್ಟ್ರಿಗ್ ಆವತ್ತೇ ಹೇಳಿದ್ದೆ ಅಂತ್ಲ್. ಅವ್ರ್ ಈಗಳ್, ಹೇಳ್ಲೇ ಇಲ್ಲ ಅಂಬ್ರ್. ಜಡ್ಜ್ರ ಎದ್ರ್ ಅದನ್ ಒಂದ್ ಸಲ ಹೇಳ್ಕ್ ಅಂತ್ಲ್. ಅಷ್ಟೇ."

ಬೈಸಾರಿಗೆ, ಎಂದರೆ ಸಂಜೆಗೆ, ಬರುತ್ತಿದ್ದ ಆ ಜ್ವರದ ಮಾತನ್ನು ಮಂಗಳೂರಿನಿಂದ ಬಂದ ಮೇಲೆ ಅಕ್ಕ ಡಾಕ್ಟರ ಹತ್ತಿರ ಹೋಗಿ ಕೇಳಿದ್ದಳಂತೆ. ಜ್ವರವಿದ್ದರೆ ಹೇಳಬೇಡವೇ, ಹೇಳದೆ ನನಗೇನು ಕನಸು ಬೀಳುತ್ತದೆಯೇ ಎಂದು ಅವರು ಸಿಟ್ಟಿನಿಂದ ಕೇಳಿದರು. ಆ ಮಾತು ಮೀನು ಮಾರ್ಕೆಟಿನಲ್ಲಿ ಹಬ್ಬಿ, ತಪ್ಪೆಲ್ಲ ಅವಳದೇ, ಹೇಳಿದ್ದರೆ ಡಾಕ್ಟರು ಬಿಡುತ್ತಿದ್ದರೇ ಎಂದು ಜನ ಆಡಿಕೊಂಡರು. ಕಾಲು ಹೋದದ್ದಕ್ಕಿಂತ ಈ ಮಾತು ಆ ತಂಗಿಯನ್ನು ಸುಟ್ಟಿತ್ತು.

ನನಗಿಂತ ಮೊದಲು ಅವಳು ಮೂರು ವಕೀಲರ ಮೆಟ್ಟಿಲು ಹತ್ತಿ ಇಳಿದಿದ್ದಳು. ಆ ಡಾಕ್ಟರ ಮೇಲೆ ದಾವೆ ಹೂಡುವುದೆಂದರೆ ಊರನ್ನೇ ಎದುರು ಹಾಕಿಕೊಂಡ ಹಾಗೆ. ಕೆಟ್ಟ ಮನುಷ್ಯರೇನಲ್ಲ. ಬೆಳಗ್ಗೆ ಏಳಕ್ಕೆ ಕೂತರೆ ಊಟಕ್ಕೂ ಏಳದೆ ರೋಗಿಗಳನ್ನು ನೋಡುತ್ತಿದ್ದರು. ನನ್ನ ಮಗಳಿಗೆ ಕೆಮ್ಮಾದರೆ ನಾನೇ ಅವರಲ್ಲಿಗೆ ಒಯ್ಯುತ್ತಿದ್ದೆ. ಆದರೂ ವಕಾಲತ್ತು ಒಪ್ಪಿಕೊಂಡೆ. ಅನ್ಯಾಯ ಕಂಡು ರಕ್ತ ಕುದಿಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಕುದಿದದ್ದು ನಿಜ. ಜೊತೆಗೆ, ಯಾರೂ ಮುಟ್ಟದ ದಾವೆಯನ್ನು ನಾನು ಗೆದ್ದರೆ ಎಂಬ ಆಸೆಯೂ ಇತ್ತು, ಅದನ್ನು ಮುಚ್ಚಿಡುವುದು ಬೇಡ.

ಮೊದಲು ನೋಟೀಸು, ಉತ್ತರ ಬಾರದೆ ಇದ್ದುದಕ್ಕೆ ದಾವೆ. ವಾದಿ ನದಿಯಾಚೆ ಮಲಗಿದ್ದಾಳೆ, ಅವಳ ಸಹಿ ಬೇಕು. ಅಕ್ಕ ಹೇಳಿದ್ದನ್ನೇ ಬರೆದುಕೊಂಡು ದಾವಾ ಅರ್ಜಿ ಸಿದ್ಧ ಮಾಡಿದೆ. ವಕಾಲತ್ತು ಮತ್ತು ಅರ್ಜಿಯನ್ನು ಮೇಣದ ಬಟ್ಟೆಯಲ್ಲಿ ಸುತ್ತಿ, ಶಾಯಿಯ ಪ್ಯಾಡಿನ ಜೊತೆ ಅವಳ ಹೆಡಿಗೆಯಲ್ಲಿ ಕಳಿಸಿದೆ. ಮರುದಿನ ಹೆಬ್ಬೆಟ್ಟಿನ ಗುರುತುಗಳೊಂದಿಗೆ ಅವು ವಾಪಸು ಬಂದವು. ಓದಿ ಹೇಳಿ, ಅರ್ಥವಾಯಿತು ಎಂದ ಮೇಲೆ ಗುರುತು ಹಾಕಿಸಿದ್ದೇನೆ ಎಂದು ನಾನು ಕೆಳಗೆ ಬರೆದು ಸಹಿ ಮಾಡಿದೆ. ಓದಿ ಹೇಳಿದವನು ನಾನಲ್ಲ, ಅವಳ ನೆರೆಮನೆಯ ಮೇಷ್ಟ್ರು. ಕೋರ್ಟಿನ ಗುಮಾಸ್ತರು ಕಾಗದವನ್ನು ಮೂಗಿನಿಂದ ದೂರ ಹಿಡಿದು, ಇದು ದಾವೆಯೋ ಒಣ ಬಂಗ್ಡೆಯೋ ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಒಬ್ಬ ಡಾಕ್ಟರನ್ನು ಹುಡುಕುವ ಕೆಲಸ. ಇದು ತಪ್ಪು ಚಿಕಿತ್ಸೆ ಎಂದು ಡಾಕ್ಟರೊಬ್ಬರೇ ಹೇಳದಿದ್ದರೆ ಕೋರ್ಟು ನನ್ನ ಮಾತನ್ನು ಏಕೆ ಕೇಳುತ್ತದೆ? ಬೈಂದೂರಿಗೆ ಹೋದೆ. ಅಲ್ಲಿಯ ಡಾಕ್ಟರು ಕಾಫಿ ಕೊಟ್ಟು, ಹವಾಮಾನದ ಬಗ್ಗೆ ಮಾತಾಡಿ, ಕಳಿಸಿಕೊಟ್ಟರು. ಬ್ರಹ್ಮಾವರದಲ್ಲಿ ಕೆಲಸ ಬಿಟ್ಟು ಮನೆಯಲ್ಲಿದ್ದ ಮುದುಕ ಡಾಕ್ಟರೊಬ್ಬರು ಮಾತ್ರ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಸಾಕ್ಷಿ ಕಟ್ಟೆ ಹತ್ತುವುದಿಲ್ಲ, ಪಾಠ ಬೇಕಾದರೆ ಹೇಳುತ್ತೇನೆ ಎಂದರು. ಅವರು ಹೇಳಿದ ಪಾಠ ಇಷ್ಟು: ಈ ಮಿಕ್ಸ್ಚರಿನಲ್ಲಿ ಇರುವುದು ಸ್ಯಾಲಿಸಿಲೇಟು. ನೋವನ್ನೂ ಇಳಿಸುತ್ತದೆ, ಜ್ವರವನ್ನೂ ಇಳಿಸುತ್ತದೆ. ಕ್ಷಯದ ಜ್ವರ ಸಂಜೆಗೆ ಏರುವಂಥದ್ದು. ಏಳು ತಿಂಗಳು ಈ ಔಷಧಿ ಕುಡಿದವಳ ಜ್ವರ ಏರಿದಾಗಲೆಲ್ಲ ಇಳಿದುಹೋಗಿ ಮನೆಯವರ ಕಣ್ಣಿಗೂ ಬಿದ್ದಿರುವುದಿಲ್ಲ. ಒಂದೇ ಸಲ ಬೆನ್ನ ಮೇಲೆ ಬೆರಳಿಟ್ಟು ಒಂದೊಂದೇ ಮೂಳೆ ತಟ್ಟಿದ್ದರೆ ಸಾಕಿತ್ತು, ನೋವಿನ ಮೂಳೆ ತಾನೇ ಹೇಳುತ್ತಿತ್ತು. ಕೊನೆಗೆ ಅವರು ಚೀಟಿ ಮಡಚಿ ಕೊಟ್ಟು, ನಾನೂ ಇಂಥ ಬಾಟ್ಲಿಗಳನ್ನು ಎಷ್ಟು ತುಂಬಿಸಿದ್ದೇನೋ ದೇವರೇ ಬಲ್ಲ ಎಂದರು.

ಎಕ್ಸ್‌ರೇ ತೆಗೆಸಿದ ಮಂಗಳೂರಿನ ಡಾಕ್ಟರು ಸಮನ್ಸ್ ಬಂದರೆ ಬಂದು ಹೇಳುತ್ತೇನೆ ಎಂದು ಒಪ್ಪಿದರು. ಆರು ತಿಂಗಳು ಮೊದಲು ಬಂದಿದ್ದರೆ ಅವಳು ಇವತ್ತು ನಡೆಯುತ್ತಿದ್ದಳು ಎಂದು ಬರೆದೂ ಕೊಟ್ಟರು. ದಾವೆ ಗಟ್ಟಿಯಾಗುತ್ತಿದೆ ಎಂದು ನಾನು ಬಸ್ಸಿನಲ್ಲಿ ಕೂತು ಹಿಗ್ಗಿದೆ. ಆ ವಾರವೇ ಮಗಳಿಗೆ ಜ್ವರ ಬಂತು. ಪೇಟೆಯ ಡಾಕ್ಟರಲ್ಲಿಗೆ ಹೋಗುವ ಮುಖ ನನಗಿರಲಿಲ್ಲ. ಹೆಂಡತಿ ಮಗುವನ್ನು ಹೊದಿಸಿಕೊಂಡು ನನ್ನೊಂದಿಗೆ ಬ್ರಹ್ಮಾವರದ ಬಸ್ಸು ಹತ್ತಿದಳು.

ಪ್ರತಿವಾದಿಯ ಉತ್ತರ ಬರಲು ನಾಲ್ಕು ವಾಯಿದೆ ಹಿಡಿಯಿತು. ಅವರ ವಕೀಲರು ಮಂಗಳೂರಿನವರು, ಪಳಗಿದವರು. ಉತ್ತರದಲ್ಲಿ ಇದ್ದದ್ದು ಮೂರು ಮಾತು. ವಾದಿ ಒಂದೇ ಸಲ ಬಂದಳು. ಜ್ವರದ ವಿಷಯ ಎತ್ತಲೇ ಇಲ್ಲ. ಹದಿನೈದು ದಿನ ಬಿಟ್ಟು ಬಾ ಎಂದರೆ ಬಾರದೆ ಬಾಟ್ಲಿ ಕಳಿಸಿದಳು, ಆದ್ದರಿಂದ ತಪ್ಪು ಅವಳದೇ.

ಅಂದರೆ ಇಡೀ ದಾವೆ ಒಂದೇ ಒಂದು ದಿನದ ಮಾತಿನ ಮೇಲೆ ನಿಂತಿತು. ಆ ದಿನ ಪರದೆಯ ಒಳಗೆ ಅವಳು ಏನು ಹೇಳಿದಳು. ಒಳಗಿದ್ದವರು ಇಬ್ಬರೇ, ಡಾಕ್ಟರು ಮತ್ತು ಅವಳು.

ನನಗೆ ಕೆಲಸ ಕಲಿಸಿದ ಹಿರಿಯ ವಕೀಲರು ಆಗ ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿ, ಆಫೀಸಿನ ಆರಾಮ ಕುರ್ಚಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು. ನಾನು ಉತ್ತರವನ್ನು ಓದಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದರು.

"ಹ್ವಾಯ್, ಬೇರೆ ಎಲ್ಲ ಬಿಡ್. ನಾಳೆಯೇ ಕಮಿಷನ್ನಿಗ್ ಅರ್ಜಿ ಹಾಕ್. ಉಸ್ರ್ ಇಪ್ಪ ಹೊತ್ತಿಗೇ ಆ ಹೆಣ್ಣಿನ್ ಬಾಯಿಂದ ಬಂದದ್ದ್ ಕಾಗ್ದಕ್ಕೆ ಇಳೀಕ್."

ಕಮಿಷನ್ ಎಂದರೆ ಇಷ್ಟೇ. ಕೋರ್ಟಿಗೆ ಬರಲಾಗದ ರೋಗಿಯ ಮನೆಗೆ ನ್ಯಾಯಾಧೀಶರು ಒಬ್ಬ ವಕೀಲರನ್ನು ಕಮಿಷನರ್ ಮಾಡಿ ಕಳಿಸುತ್ತಾರೆ. ಅವರು ಹಾಸಿಗೆಯ ಪಕ್ಕ ಕೂತು, ಎರಡೂ ಕಡೆಯವರ ಎದುರಿಗೆ ಹೇಳಿಕೆ ಬರೆದುಕೊಂಡು ಬಂದರೆ, ಅದು ಕೋರ್ಟಿನಲ್ಲಿ ನಿಂತು ಹೇಳಿದ್ದಕ್ಕೆ ಸಮ. ಅರ್ಜಿ ಒಂದೇ ಪುಟದ್ದು. ಅರ್ಧ ಗಂಟೆಯ ಕೆಲಸ.

ನಾನು ಹಾಕಲಿಲ್ಲ. ನನ್ನ ಲೆಕ್ಕಾಚಾರವೇ ಬೇರೆಯಿತ್ತು. ಕಮಿಷನರ್ ಬರೆದ ನಾಲ್ಕು ಹಾಳೆಗಳಲ್ಲಿ ಅವಳ ಕಾಲು ಕಾಣಿಸುತ್ತದೆಯೇ? ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಹೊತ್ತು ತಂದು ಮುನ್ಸೀಫರ ಎದುರು ಇಳಿಸಬೇಕು. ಕೋರ್ಟು ಗಪ್ಪಾಗಬೇಕು. ಆಮೇಲೆ ಅವಳು ಬಾಯಿಬಿಟ್ಟು, ಡಾಕ್ಟರನ್ನು ಎದುರಿಗೇ ನೋಡುತ್ತ, ನಾನು ಹೇಳಿದ್ದೆ ಎನ್ನಬೇಕು. ಅವಳ ಆಸೆಯೂ ಜಡ್ಜರ ಎದುರು ಹೇಳಬೇಕೆಂಬುದೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಕ್ಕ ಬಂದಾಗಲೆಲ್ಲ ತಂಗಿ ಹೇಗಿದ್ದಾಳೆ ಎಂದು ಕೇಳುತ್ತಿದ್ದೆ. ಹಾಗೇ ಇತ್ತ್ ಎನ್ನುತ್ತಿದ್ದಳು. ಹಾಗಿದ್ದರೆ ಸರಿ, ವಿಚಾರಣೆಗೆ ಕರೆದುಕೊಂಡು ಬರುವಿರಂತೆ ಎನ್ನುತ್ತಿದ್ದೆ. ಹಿರಿಯರು ಇನ್ನೆರಡು ಸಲ ಹೇಳಿ, ನಾನು ಕೇಳುವವನಲ್ಲವೆಂದು ಸುಮ್ಮನಾದರು.

ಹೀಗೆ ಚಳಿಗಾಲ ಕಳೆಯಿತು. ಮುನ್ಸೀಫರಿಗೆ ವರ್ಗವಾಗಿ ಹೊಸಬರು ಬಂದರು, ಅದಕ್ಕೊಂದು ವಾಯಿದೆ. ಎದುರು ವಕೀಲರಿಗೆ ಮಂಗಳೂರಿನಲ್ಲಿ ಬೇರೆ ಕೇಸು, ಅದಕ್ಕೆ ಎರಡು. ಮೇ ತಿಂಗಳ ರಜೆ. ವಿಚಾರಣೆ ಆಗಸ್ಟಿಗೆ ಹೋಯಿತು. ನಾನು ಈ ನಡುವೆ ಡಾಕ್ಟರಿಗೆ ಹಾಕಬೇಕಾದ ಪಾಟಿಸವಾಲುಗಳನ್ನು ಬರೆದು, ತಿದ್ದಿ, ಮತ್ತೆ ಬರೆದೆ. ಒಂದೊಂದೂ ಚೂಪಾಗಿದ್ದವು. ಆರಾಮ ಕುರ್ಚಿಯ ಹಿರಿಯರಿಗೆ ಓದಿ ಹೇಳಬೇಕೆಂದು ಆಸೆಯಾಗುತ್ತಿತ್ತು, ಧೈರ್ಯವಾಗುತ್ತಿರಲಿಲ್ಲ.

ಜುಲೈ ತಿಂಗಳ ಮೊದಲ ವಾರ ಅಕ್ಕ ಬಂದಾಗ ಹೆಡಿಗೆ ತಂದಿರಲಿಲ್ಲ. ಹಾಸಿಗೆಯ ಹುಣ್ಣು ಕೆಟ್ಟಿದೆ, ಎರಡು ದಿನದಿಂದ ಮೈ ಕಾಯುತ್ತಿದೆ, ಗಂಜಿ ಇಳಿಯುತ್ತಿಲ್ಲ ಎಂದಳು. ಅಂದೇ ಕಮಿಷನ್ನಿಗೆ ಅರ್ಜಿ ಬರೆದು ಮುನ್ಸೀಫರ ಕೈಕಾಲು ಹಿಡಿಯುವುದೊಂದು ಬಾಕಿ. ಅವರು ಶನಿವಾರ ಬೆಳಗ್ಗೆ ಎಂದು ನಿಗದಿ ಮಾಡಿ, ನನಗಿಂತ ಚಿಕ್ಕ ವಕೀಲರೊಬ್ಬರನ್ನು ಕಮಿಷನರ್ ಮಾಡಿದರು. ಅಕ್ಕನಿಗೆ ಹೇಳಿ ಕಳಿಸಿದೆ, ಶನಿವಾರ ಬರುತ್ತೇವೆ, ತಂಗಿಗೆ ಎಲ್ಲ ನೆನಪು ಮಾಡಿಟ್ಟುಕೊಳ್ಳಲು ಹೇಳು ಎಂದು.

ಶುಕ್ರವಾರ ರಾತ್ರಿಯೆಲ್ಲ ಗಾಳಿ ಮಳೆ. ಶನಿವಾರ ನದಿ ಕೆಂಪಾಗಿ, ದಡ ಮೀರಿ ಹರಿಯುತ್ತಿತ್ತು. ಕಡವಿನವನು ದೋಣಿ ಬಿಡುವುದಿಲ್ಲ ಎಂದು ಕೈ ಆಡಿಸಿದ. ಸುತ್ತು ಹಾಕಿ ರಸ್ತೆಯಲ್ಲಿ ಹೋಗೋಣ ಎಂದೆ. ಎದುರು ಪಕ್ಷದಿಂದ ಬಂದಿದ್ದ ಜೂನಿಯರ್ ವಕೀಲ, ಸೋಮವಾರ ಹೋದರೆ ಏನಾಗುತ್ತದೆ ಎಂದ. ಕಮಿಷನರ್ ಕೊಡೆ ಹಿಡಿದುಕೊಂಡು ನನ್ನ ಮುಖ ನೋಡಿದ. ನಾನೊಬ್ಬನೇ ಆದರೂ ರಸ್ತೆಯಲ್ಲಿ ಹೋಗಿ, ಅವಳ ಪಕ್ಕ ಕೂತು ಬರಬಹುದಾಗಿತ್ತು. ಕಮಿಷನರಿಲ್ಲದೆ ಕೇಳಿದ ಹೇಳಿಕೆಗೆ ಬೆಲೆಯಿಲ್ಲ ಎಂದುಕೊಂಡು ನಾನೂ ಮನೆಗೆ ಬಂದೆ.

ಸೋಮವಾರ ದಾಟಿದೆವು. ದಡದಿಂದ ಮರಳಿನಲ್ಲಿ ಸ್ವಲ್ಪ ದೂರ ನಡೆದರೆ ಮನೆ. ಒಳಗೆ ಬೇವಿನ ಸೊಪ್ಪಿನ ಹೊಗೆ ಹಾಕಿದ್ದರು, ಆದರೂ ಹುಣ್ಣಿನ ವಾಸನೆ ಮುಚ್ಚಿರಲಿಲ್ಲ. ತಂಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿದ್ದರು. ನಾನು ಅಕ್ಕನ ಮುಖದ ಹಾಗೆ ಇರಬಹುದೆಂದುಕೊಂಡಿದ್ದೆ. ಇರಲಿಲ್ಲ. ಅವಳು ತೀರಾ ಚಿಕ್ಕವಳು. ದಾವೆಯಲ್ಲಿ ವಯಸ್ಸು ಬರೆದವನು ನಾನೇ, ಇಪ್ಪತ್ತಾರು ಎಂದು. ಆ ಅಂಕಿಗೆ ಒಂದು ಮುಖವಿರುತ್ತದೆಂದು ನನಗೆ ಹೊಳೆದಿರಲಿಲ್ಲ.

ಕಮಿಷನರ್ ಮಣೆಯ ಮೇಲೆ ಕೂತು ತೊಡೆಯ ಮೇಲೆ ಹಲಗೆಯಿಟ್ಟುಕೊಂಡು, ದೇವರ ಮೇಲೆ ಪ್ರಮಾಣ ಹೇಳಿಸಿದ. ತುಟಿ ಆಡಿತು. ಹೆಸರು ಕೇಳಿದ, ಹೇಳಿದಳು. ಗಂಡ ಎಲ್ಲಿದ್ದಾನೆ ಎಂದರೆ ಬೊಂಬಾಯಿ ಎಂದಳು. ನನಗೆ ಜೀವ ಬಂದ ಹಾಗಾಯಿತು. ಬಗ್ಗಿ, ಮೆಲ್ಲನೆ, ಡಾಕ್ಟರನ್ನು ಕಾಣಲು ಹೋದ ದಿನ ನೀನು ಅವರಿಗೆ ಏನೇನು ಹೇಳಿದೆ ಎಂದು ಕೇಳಿದೆ.

ಅವಳು ಕಣ್ಣು ತಿರುಗಿಸಿ ನನ್ನನ್ನು ನೋಡಿದಳು. ಕಣ್ಣುಗಳು ಜ್ವರದಲ್ಲಿ ಹೊಳೆಯುತ್ತಿದ್ದವು. ಬಹಳ ಹೊತ್ತು ನೋಡಿ, ವ್ಯಾಪಾರದ ಧ್ವನಿಯಲ್ಲಿ, ತುಸು ನಗುತ್ತ ಮಾತಾಡಿದಳು.

"ಹ್ವಾಯ್ ಒಡೇರೆ, ಬಂಗ್ಡಿ ಇತ್ತ್, ತಕಂತ್ರ್ಯಾ? ಈಗಳ್ ಬಂದದ್ದ್."

ಇನ್ನೊಮ್ಮೆ ಕೇಳಿದೆ. ಬಿಸಿಲಿಗೆ ಮೀನು ಕೆಡುತ್ತದೆ, ಬೇಗ ಹೇಳಿ ಎಂಬಂಥ ಮಾತು ಬಂತು. ಮೂರನೆಯ ಸಲ ಕೇಳಿದಾಗ ಕಣ್ಣು ಮುಚ್ಚಿಕೊಂಡಳು. ಕಮಿಷನರ್ ಲೇಖನಿ ಎತ್ತಿ, ಇದನ್ನು ಬರೆಯಬೇಕೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಎದುರು ಪಕ್ಷದ ಜೂನಿಯರ್ ಗೋಡೆಯ ಕಡೆ ತಿರುಗಿದ್ದ. ಬೇಡ ಎಂದೆ. ಸಾಕ್ಷಿಯು ಪ್ರಶ್ನೆಗಳನ್ನು ಗ್ರಹಿಸುವ ಸ್ಥಿತಿಯಲ್ಲಿಲ್ಲ ಎಂದು ಒಂದು ಸಾಲು ಬರೆದು, ನಮ್ಮಿಬ್ಬರ ಸಹಿ ಹಾಕಿಸಿಕೊಂಡು ಅವನು ಎದ್ದ.

ಅಕ್ಕ ನಮ್ಮ ಹಿಂದೆಯೇ ಅಂಗಳಕ್ಕೆ ಬಂದಳು.

"ಶನಿವಾರ ಎಲ್ಲ ಸಮ ಹೇಳ್ತಿದ್ಲ್ ವಕೀಲ್ರೆ. ನೀವ್ ಬತ್ರಿ ಅಂದ್ ತಲಿ ಬಾಚ್ಸ್ಕಂಡ್, ಬಾಗ್ಲ್ ಕಂಡ್ಕಂಡೇ ಇದ್ಲ್. ನಿಮ್ ಗುರ್ತ ಅವ್ಳಿಗ್ ಇಲ್ಯಲೆ, ಹ್ಯಾಂಗಿದ್ರ್ ಹ್ಯಾಂಗಿದ್ರ್ ಅಂದ್ ಕೇಂತಿದ್ಲ್."

ದೋಣಿಯಲ್ಲಿ ಕೂತಾಗ ನನಗೆ ಅಳು ಬಂತು, ತಡೆಯಲಿಲ್ಲ. ಒಂದು ವರ್ಷಕ್ಕೂ ಮೇಲೆ ನಾನು ಅವಳ ವಕೀಲನಾಗಿದ್ದೆ. ಅವಳ ಪರವಾಗಿ ನೋಟೀಸು ಕೊಟ್ಟೆ, ದಾವೆ ಬರೆದೆ, ಬೈಂದೂರು, ಬ್ರಹ್ಮಾವರ, ಮಂಗಳೂರು ಎಂದು ಬಸ್ಸು ಹತ್ತಿ ಇಳಿದೆ. ಅರ್ಧ ಗಂಟೆಯ ನದಿಯನ್ನು ಮಾತ್ರ ಒಂದು ದಿನವೂ ದಾಟಲಿಲ್ಲ. ಪೇಟೆಯ ಡಾಕ್ಟರು ಏಳು ತಿಂಗಳು ಅವಳ ಬಾಟ್ಲಿಯನ್ನು ನೋಡಿದರು, ನಾನು ಹೆಚ್ಚುಕಡಿಮೆ ಅದರ ಎರಡರಷ್ಟು ಕಾಲ ಅವಳ ಹೆಬ್ಬೆಟ್ಟಿನ ಗುರುತನ್ನು ನೋಡಿದೆ. ಒಮ್ಮೆಯಾದರೂ ಅವಳು ನನ್ನ ಮುಖ ಕಂಡಿದ್ದರೆ ಆ ಜ್ವರದಲ್ಲೂ ಗುರುತು ಹಿಡಿಯುತ್ತಿದ್ದಳೋ ಏನೋ. ಬಂದವನನ್ನು ಮೀನು ಕೊಳ್ಳುವವನೆಂದುಕೊಂಡಳು.

ಬುಧವಾರ ತೀರಿಕೊಂಡಳು.

ಮೈಗಾದ ಹಾನಿಗೆ ಹೂಡಿದ ದಾವೆ ವಾದಿಯ ಜೊತೆಗೇ ಸಾಯುತ್ತದೆ ಎಂಬುದು ಆಗಿನ ಕಾನೂನು. ಮುನ್ಸೀಫರು ಎರಡು ಸಾಲಿನಲ್ಲಿ ಆದೇಶ ಬರೆಸಿ ಮುಂದಿನ ಕೇಸು ಕರೆಸಿದರು. ನನ್ನ ಚೂಪಾದ ಪಾಟಿಸವಾಲುಗಳು ಕೋಟಿನ ಜೇಬಿನಲ್ಲೇ ಇದ್ದವು. ಹೊರಗೆ ಜಗಲಿಯಲ್ಲಿ ಡಾಕ್ಟರು ನನಗಾಗಿ ಕಾದು ನಿಂತಿದ್ದರು. ಗೆದ್ದವರ ಮುಖವಾಗಿರಲಿಲ್ಲ. ನಾನು ಹತ್ತಿರ ಬರುತ್ತಲೇ ಹೇಳಿದರು.

"ಕಣ್ ಮುಚ್ಚಿ ಎಷ್ಟ್ ನೆನ್ಸಿರೂ ಅದ್ರ ಮುಖ ನೆನ್ಪಿಗ್ ಬತ್ತಿಲ್ಲ. ಬಾಟ್ಲಿ ನೆನ್ಪಿತ್ತ್. ಹಸ್ರ್ ಬಾಟ್ಲಿ."

ಬೈಯಬೇಕೆಂದು ಒಂದು ವರ್ಷದಿಂದ ಮಾತುಗಳನ್ನು ಕೂಡಿಟ್ಟುಕೊಂಡಿದ್ದೆ. ನಾನು ಯಾವ ಮುಖದಿಂದ ಬೈಯಲಿ? ತಲೆ ತಗ್ಗಿಸಿ ಮೆಟ್ಟಿಲಿಳಿದೆ. ಆಫೀಸಿಗೆ ಬಂದಾಗ ಹಿರಿಯರು ನನ್ನನ್ನು ಒಮ್ಮೆ ನೋಡಿ, ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಕಾನೂನಿನಲ್ಲಿ ಇನ್ನೊಂದು ಬಾಗಿಲಿತ್ತು. ಸಾವಿಗೆ ಕಾರಣರಾದವರ ಮೇಲೆ ಮನೆಯವರು ಬೇರೆ ದಾವೆ ಹೂಡಬಹುದು. ತಂಗಿಯ ಉತ್ತರಕ್ರಿಯೆಯ ಬೊಜ್ಜವೂ ಚೌತಿಯೂ ಕಳೆದ ಮೇಲೆ ಅಕ್ಕ ಬಂದಾಗ ಅದನ್ನು ವಿವರಿಸಿದೆ. ಬೊಂಬಾಯಿಯಿಂದ ಬಂದ ಗಂಡನ ಹೆಸರಿನಲ್ಲಿ ಹೂಡೋಣ, ನಾನು ಫೀಸು ಮುಟ್ಟುವುದಿಲ್ಲ, ಈ ಸಲ ಎಲ್ಲಕ್ಕೂ ನಾನೇ ಬರುತ್ತೇನೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹೇಳ್ಕಾದವ್ಳ್ ಅವ್ಳ್. ಅವ್ಳ್ ಹೋದ್ಲ್. ನಾ ಎಂತ ಹೇಳುದ್ ವಕೀಲ್ರೆ? ಬಾಟ್ಲಿ ತಕಂಡ್ ಹೋದದ್ದ್ ನಾನೇ ಅಲ್ದಾ."

ಅದು ನಿನ್ನ ತಪ್ಪಲ್ಲ ಎಂದೆ. ಡಾಕ್ಟರ ಚೀಟಿಯನ್ನು ವಾಪಸು ಕೇಳಿ ಇಸಕೊಂಡಳು. ಏಕೆಂದು ನಾನು ಕೇಳಲಿಲ್ಲ. ಏಳುವಾಗ ಬಾಗಿಲ ಚೌಕಟ್ಟು ಹಿಡಿದು, ಇನ್ನೊಂದು ಕೈಯನ್ನು ನಡುವಿಗೆ ಕೊಟ್ಟು, ಅರ್ಧಕ್ಕೆ ನಿಂತು ಉಸಿರು ಬಿಟ್ಟಳು. ಏನದು ಎಂದೆ. ಎಂತ ಇಲ್ಲ, ಹೆಡಿಗೆ ನೋವು, ಚೌತಿಯಿಂದ ಈಚೆಗೆ ತುಸು ಜಾಸ್ತಿ, ಎಲ್ಲರಿಗೂ ಇರುವುದೇ ಎಂದಳು.

ಆಗ ನಾನು ಕೂಗಿದ್ದು ಕೋರ್ಟಿನ ವರೆಗೆ ಕೇಳಿಸಿತ್ತೆಂದು ಆಮೇಲೆ ಗುಮಾಸ್ತರು ಹೇಳಿದರು. ಬುದ್ಧಿಯಿದೆಯೇ ನಿನಗೆ, ಮನೆಯಲ್ಲಿ ಕ್ಷಯದಿಂದ ಒಂದು ಹೆಣ ಹೋದ ಮೇಲೂ ಹೆಡಿಗೆ ನೋವೆನ್ನುತ್ತೀಯಾ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವಳು ಹೆದರಿ ಮತ್ತೆ ಕೂತಳು. ನಾಳೆ ಮೊದಲ ದೋಣಿಗೆ ಬಾ, ಹೆಡಿಗೆ ತರಬೇಡ ಎಂದೆ. ಮೀನು ಮಾರುವುದಿದೆ ಎಂದಳು. ಹಾಗಾದರೆ ನಾನೇ ನದಿ ದಾಟಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಬರುತ್ತೇನೆ ಮಾರಾಯ್ರೆ ಎಂದು ಒಪ್ಪಿದಳು.

ಬೆಳಗ್ಗಿನ ಬಸ್ಸಿನಲ್ಲಿ ಮಂಗಳೂರಿಗೆ ಹೋದೆವು. ನನ್ನ ಹೆಂಡತಿಯೂ ಜೊತೆಗೆ ಬಂದಳು. ಸಾಕ್ಷಿ ಹೇಳಲು ಒಪ್ಪಿದ್ದ ಅದೇ ಡಾಕ್ಟರನ್ನು ಕಂಡೆವು. ಅವರು ಅವಳನ್ನು ಬೋರಲು ಮಲಗಿಸಿ, ಕುತ್ತಿಗೆಯಿಂದ ಕೆಳಗೆ ಒಂದೊಂದೇ ಮೂಳೆಯನ್ನು ಬೆರಳಿನಿಂದ ತಟ್ಟುತ್ತ ಬಂದರು. ಪ್ರತಿ ಸಲವೂ ನೋವೇ ಎಂದು ಕೇಳಿದರು. ಸಂಜೆ ಜ್ವರ ಬರುತ್ತದೆಯೇ, ಬೆವರುತ್ತದೆಯೇ, ತೂಕ ಇಳಿದಿದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಆಮೇಲೆ ಕತ್ತಲೆ ಕೋಣೆಗೆ ಕಳಿಸಿದರು. ಉಸಿರು ಬಿಗಿ ಹಿಡಿ ಎಂದು ಒಳಗಿನಿಂದ ಯಾರೋ ಹೇಳಿದ್ದು ಕೇಳಿಸಿತು. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತ ನಾನೂ ಉಸಿರು ಹಿಡಿದುಕೊಂಡಿದ್ದೆ.

ನೀರು ಇನ್ನೂ ತೊಟ್ಟಿಕ್ಕುತ್ತಿದ್ದ ಫಿಲ್ಮನ್ನು ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು, ಮೂಳೆಗಳನ್ನು ಮೇಲಿನಿಂದ ಕೆಳಗೆ ಎಣಿಸಿದರು. ರೋಗವಿಲ್ಲ ಎಂದರು. ಮೂಳೆಯ ಅಂಚು ಸ್ವಲ್ಪ ಸವೆದಿದೆ, ಹೊರೆ ಕಡಿಮೆ ಮಾಡಲಿ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಅವಳೇ ಬಂದು ತೋರಿಸಲಿ. ನನ್ನ ಹೆಂಡತಿ ದೇವರೇ ಎಂದು ಕೈ ಮುಗಿದಳು.

ಅಕ್ಕನಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವಳು ಬೆಂಚಿನ ಮೇಲೆ ಕೂತು ಕತ್ತಲೆ ಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು. ನಾವು ಆಸ್ಪತ್ರೆಯ ಒಳಗೆ ಕಾಲಿಟ್ಟು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಬಸ್ಸಿಗೆ ಹೊತ್ತಿದೆ, ಊಟ ಮಾಡಿ ಹೋಗೋಣ ಎಂದೆ. ಅವಳು ನನ್ನ ಕಡೆ ತಿರುಗಿದಳು.

"ಇಷ್ಟೇಯಾ ವಕೀಲ್ರೆ? ಅವ್ಳಿಗೂ ಇಷ್ಟೇ ಹೊತ್ತ್ ಸಾಕಾತಿತ್ತಾ?"

ಹೌದು ಎಂದೆ.